ಡಾಕ್ಟರ್ ಪಕಾರ್ ಅವರ ಪಾಲು

ಆಲ್ಪ್ಸ್ ಪರ್ವತಸಾಲಿನ ಮೋಂ ಬ್ಲಾಂ ಶಿಖರವನ್ನು ಮೊದಲು ಹತ್ತಿದ್ದು ಯಾರು? ಬಹಳ ಕಾಲ ಇದಕ್ಕೆ ಒಂದೇ ಹೆಸರು ಕೇಳಿಬರುತ್ತಿತ್ತು: ಜಾಕ್ ಬಾಲ್ಮಾ. ಆದರೆ ಹತ್ತಿದ್ದು ಇಬ್ಬರು. ಇನ್ನೊಬ್ಬರು ಬೆಟ್ಟದ ಬುಡದ ಶಮೋನಿ ಊರಿನ ವೈದ್ಯ ಮಿಶೆಲ್ ಗೇಬ್ರಿಯಲ್ ಪಕಾರ್. ಈ ಬೇಸಿಗೆ ಸಂಚಿಕೆಯಲ್ಲಿ ಅವರ ಬಗ್ಗೆಯೇ ಬರೆಯಬೇಕೆನಿಸಿತು.

ಶಿಖರಕ್ಕೆ ದಾರಿ ಹುಡುಕಿದವರಿಗೆ ಬಹುಮಾನ ಕೊಡುವುದಾಗಿ ಜಿನೀವಾದ ವಿಜ್ಞಾನಿ ಸೊಸ್ಯೂರ್ 1760ರಲ್ಲೇ ಸಾರಿದ್ದರು. ಎಷ್ಟೋ ಜನ ಹೋಗಿ ಬರಿಗೈಯಲ್ಲಿ ವಾಪಸ್ ಬಂದರು. ಬಾಲ್ಮಾ ಬೆಟ್ಟದಲ್ಲಿ ಹರಳು ಹುಡುಕಿ ಮಾರುತ್ತಿದ್ದವನು, ಗಟ್ಟಿ ಆಳು. ಪಕಾರ್‌ಗೆ ಬೇಕಿದ್ದದ್ದು ತುದಿಯಲ್ಲಿ ನಿಂತು ಗಾಳಿಯ ಒತ್ತಡ ಅಳೆಯುವುದು.

1786ರ ಆಗಸ್ಟ್ 8. ಶಿಖರದ ಎತ್ತರ ಸಮುದ್ರಮಟ್ಟದಿಂದ 4,800 ಮೀಟರಿಗೂ ಜಾಸ್ತಿ. ಹಗ್ಗವಿಲ್ಲ, ಹಿಮಗೊಡಲಿಯಿಲ್ಲ. ಕೈಯಲ್ಲೊಂದು ಉದ್ದನೆಯ ಕೋಲು, ಚೀಲದಲ್ಲಿ ವಾಯುಭಾರಮಾಪಕ. ಎಲ್ಲಿ ಬಾಯಿಬಿಟ್ಟೀತೆಂದು ತಿಳಿಯದ ಹಿಮದ ಬಿರುಕುಗಳನ್ನು ಆ ಕೋಲನ್ನೇ ನೆಚ್ಚಿಕೊಂಡು ದಾಟಬೇಕು. ಕೆಳಗೆ ಕಣಿವೆಯಲ್ಲಿ ಗೆರ್ಸ್‌ಡೋರ್ಫ್ ಎಂಬ ಜರ್ಮನ್ ಕುಲೀನ ದೂರದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದ. ಇಬ್ಬರೂ ತುದಿ ಮುಟ್ಟಿದ ಹೊತ್ತನ್ನು ಬರೆದುಕೊಂಡ: ಸಂಜೆ 6 ಗಂಟೆ 23 ನಿಮಿಷ. ಇಳಿದು ಬಂದಾಗ ಹಿಮದ ಬೆಳಕು ಹೊಡೆದು ಪಕಾರ್‌ಗೆ ಕಣ್ಣೇ ಕಾಣುತ್ತಿರಲಿಲ್ಲ.

ಆಮೇಲೆ ನಡೆದದ್ದು ಓದಿದರೆ ಹೊಟ್ಟೆ ಉರಿಯುತ್ತದೆ. ತಾನೇ ಹತ್ತಲು ಹೋಗಿ ಆಗದೆ ಹಿಂದಿರುಗಿದ್ದ ಜಿನೀವಾದ ಬರಹಗಾರ ಬುರ್ರೀ, ಎಲ್ಲ ಬಾಲ್ಮಾನ ಸಾಹಸ, ಡಾಕ್ಟರದ್ದು ಏನೂ ಇಲ್ಲ ಎಂಬಂತೆ ಬರೆದು ಹಂಚಿದ. ಪಕಾರ್ ಬಾಲ್ಮಾನಿಂದ ಸಹಿ ಹಾಕಿಸಿದ ಹೇಳಿಕೆಯನ್ನು ಪತ್ರಿಕೆಗೆ ಕೊಟ್ಟರೂ ಆ ಮಾತು ಅಳಿಯಲಿಲ್ಲ. 1827ರಲ್ಲಿ ಪಕಾರ್ ತೀರಿಕೊಂಡರು. ಐದು ವರ್ಷದ ನಂತರ ಮುದುಕ ಬಾಲ್ಮಾ, ಕಾದಂಬರಿಕಾರ ಡ್ಯೂಮಾ ಮುಂದೆ ಇಡೀ ಕಥೆಯನ್ನು ತನ್ನ ಸುತ್ತಲೇ ಹೆಣೆದ. ಲೋಕ ನಂಬಿದ್ದು ಅದನ್ನೇ. ಪಾಪ, ಸತ್ತವರು ಉತ್ತರ ಕೊಡುವುದು ಹೇಗೆ? ಅವರ ಪರವಾಗಿ ಉಳಿದದ್ದು ಗೆರ್ಸ್‌ಡೋರ್ಫ್‌ನ ಟಿಪ್ಪಣಿ. ಒಮ್ಮೆ ಪಕಾರ್, ಒಮ್ಮೆ ಬಾಲ್ಮಾ ಮುಂದೆ ನಡೆದರು ಅಂತ ಅದರಲ್ಲಿ ಸ್ಪಷ್ಟವಾಗಿದೆ.

ರಜೆಗೆ ಶಮೋನಿಗೆ ಹೋಗುವವರಿಗೆ ಒಂದು ಮಾತು. ಪೇಟೆ ನಡುವೆ 1887ರಲ್ಲಿ ನಿಲ್ಲಿಸಿದ ಜೋಡಿ ಪ್ರತಿಮೆಯಲ್ಲಿರುವುದು ಬಾಲ್ಮಾ ಮತ್ತು ಸೊಸ್ಯೂರ್. ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ಅಲ್ಲೇ. ಪಕಾರ್ ಪ್ರತಿಮೆ ಬಂದಿದ್ದು 1986ರಲ್ಲಿ, ಬರೋಬ್ಬರಿ 200 ವರ್ಷಕ್ಕೆ. ಅಲ್ಲಿಂದ ಸ್ವಲ್ಪವೇ ದೂರ. ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಿ, ಫೋಟೋ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.