ಆ ಹಲಗೆಯನ್ನು ಬೇಗ ಇಳಿಸಬೇಡ

ಪ್ರೀತಿಯ ಗೆಳತಿ,

ನಿನ್ನ ಕಾದಂಬರಿಯ ಹಸ್ತಪ್ರತಿ ಎರಡು ಸಲ ಓದಿದೆ. 1837ರ ಲಂಡನ್, ಸದ್ದಿಲ್ಲದ ಒಂದು ಬೀದಿ, ಗೋಡೆಗೆ ಗೋಡೆ ಅಂಟಿದ ಎರಡು ಮನೆ, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದ ಅವಳು ಮತ್ತು ಅವನು. ಬೀದಿ ನನಗೆ ತುಂಬಾ ಹಿಡಿಸಿತು. ಜಗಳ ಮಾತ್ರ ನಂಬೋಕೆ ಆಗಲಿಲ್ಲ.

ಅಜ್ಜಂದಿರ ಕಾಲದ ಅವಮಾನ ಅಂತ ಬರೆದಿದ್ದೀಯ. ಯಾವ ಅವಮಾನ? ಅದು ಕಣ್ಣಿಗೆ ಕಾಣಿಸುವುದಿಲ್ಲ. ಅಕ್ಕಪಕ್ಕದ ಮನೆಯವರ ಹಗೆ ಬೇರೆ ಥರದ್ದು, ಬೆಳಿಗ್ಗೆ ಎದ್ದ ಕೂಡಲೇ ಎದುರಿಗೆ ನಿಂತಿರುತ್ತದೆ. ಅದಕ್ಕೆ ಒಂದು ವಸ್ತು ಬೇಕು. ನಿನ್ನ ಕಾಲದಲ್ಲೇ ಅದು ಸಿದ್ಧವಾಗಿದೆ ನೋಡು, ಬೆಳಕು. 1832ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಒಂದು ಕಿಟಕಿಗೆ ಅಡ್ಡಿಯಿಲ್ಲದೆ 20 ವರ್ಷ ಬೆಳಕು ಬಂದರೆ ಆ ಬೆಳಕಿನ ಮೇಲೆ ಮನೆಯವರಿಗೆ ಹಕ್ಕು ಸಿಗುತ್ತದೆ, ಆಮೇಲೆ ಪಕ್ಕದವರು ತಮ್ಮದೇ ಜಾಗದಲ್ಲಾದರೂ ಅದನ್ನು ಮುಚ್ಚುವಂಥ ಗೋಡೆ ಎಬ್ಬಿಸುವ ಹಾಗಿಲ್ಲ. ಹಾಗಾಗಿ 20 ತುಂಬುವ ಮೊದಲೇ ಜನ ಕಿಟಕಿಗೆ ಎದುರಾಗಿ ಹಲಗೆ ನಿಲ್ಲಿಸುತ್ತಿದ್ದರು, ಆ ಹಕ್ಕು ಹುಟ್ಟದಿರಲಿ ಅಂತ.

ಈಗ ಯೋಚಿಸು. ಅವಳ ಮನೆಯ ಹಿಂದಿನ ಕೋಣೆಯ ಕಿಟಕಿ ಅವನ ಹಿತ್ತಿಲಿನ ಕಡೆ ತೆರೆಯುತ್ತದೆ. ಅವಳು ಅಲ್ಲೇ ಕೂತು ಹೊಲಿಯುವುದು. ಆ ಕಿಟಕಿಗೆ ಬೆಳಕು ಬರತೊಡಗಿದ ಹದಿನೆಂಟನೇ ವರ್ಷದ ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಕಿಟಕಿಯತ್ತ ಎತ್ತುತ್ತಾಳೆ, ದಾರ ಕಾಣುವುದಿಲ್ಲ. ಹೊರಗೆ ಹಸಿ ಮರದ ವಾಸನೆ, ಸುತ್ತಿಗೆಯ ಸದ್ದು. ಅವನ ಕಡೆಯಿಂದ ನೋಡಿದರೆ ಅವನದೂ ನ್ಯಾಯವೇ, ನಾಳೆ ತನ್ನ ಜಾಗದಲ್ಲಿ ತಾನು ಕಟ್ಟೋಕೆ ಆಗಬೇಕಲ್ವಾ? ಅವಳಿಗೋ, ಬೆಳಕೇ ಬಾರದ ಆ ಕಿಟಕಿಗೂ ತೆರಿಗೆ ಕಟ್ಟುವ ಸಂಕಟ. ಆಗ ದೊಡ್ಡ ಮನೆಗಳಿಗೆ ಕಿಟಕಿ ಲೆಕ್ಕದಲ್ಲಿ ತೆರಿಗೆ ಇತ್ತು, 1851ರಲ್ಲಿ ತೆಗೆದರು. ಇಬ್ಬರೂ ಸರಿ ಇರುವ ಜಗಳವನ್ನು ಬರಿ. ಒಬ್ಬರು ಕೆಟ್ಟವರಾಗಿಬಿಟ್ಟರೆ ಪ್ರೀತಿ ಹುಟ್ಟಿದಾಗ ನೀನು ಸುಮ್ನೆ ಅವರನ್ನು ಒಳ್ಳೆಯವರನ್ನಾಗಿ ಮಾಡುತ್ತಾ ಕೂರಬೇಕಾಗುತ್ತದೆ.

ಇನ್ನು ಪ್ರೀತಿ. ಹೂದೋಟದಲ್ಲಿ ಮಳೆ ಬಂತು, ಅವನು ಕೊಡೆ ಹಿಡಿದ ಅಂತೆಲ್ಲ ಬೇಡ. ಜಗಳವೇ ಅವರನ್ನು ಹತ್ತಿರ ತರಲಿ. ಹಗೆ ಇದ್ದವರಷ್ಟು ಗಮನ ಕೊಟ್ಟು ನಮ್ಮನ್ನು ನೋಡುವವರು ಜಾಸ್ತಿ ಜನ ಇರುವುದಿಲ್ಲ. ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ, ಸದ್ದಿಲ್ಲದ ಬೀದಿ ಬೇರೆ. ಅವಳು ಎಷ್ಟು ಹೊತ್ತಿಗೆ ಒಲೆ ಕೆದಕುತ್ತಾಳೆ ಅಂತ ಅವನಿಗೆ ಗೊತ್ತು. ಅವಳ ಕೆಮ್ಮು ಗೊತ್ತು. ಒಂದು ರಾತ್ರಿ ಆ ಕೆಮ್ಮು ನಿಲ್ಲುವುದೇ ಇಲ್ಲ, ಗೋಡೆಯ ಈಚೆ ಅವನು ಎದ್ದು ಕೂರುತ್ತಾನೆ. ಅಷ್ಟು ಸಾಕು. ಮರುದಿನವೂ ಹಲಗೆ ಅಲ್ಲೇ ಇರಲಿ.

ಒಂದು ತಪ್ಪು ತಿದ್ದಿಕೊಳ್ಳಬೇಕು. ಊರು ಬಿಟ್ಟು ಹೋದ ಅವನು ಲಕೋಟೆಗೆ ಅಂಚೆಚೀಟಿ ಅಂಟಿಸಿ ಅವಳಿಗೆ ಪತ್ರ ಹಾಕುತ್ತಾನೆ. ಅಂಚೆಚೀಟಿ ಬಂದದ್ದು 1840ರ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಸಾಮಾನ್ಯವಾಗಿ ದುಡ್ಡು ಕೊಡುತ್ತಿದ್ದದ್ದು ಪತ್ರ ತೆಗೆದುಕೊಳ್ಳುವವರು, ಅದೂ ದೂರ ನೋಡಿ, ಹಾಳೆ ಎಣಿಸಿ. ಲಕೋಟೆಯೂ ಒಂದು ಹಾಳೆಯ ಲೆಕ್ಕಕ್ಕೆ ಬರುತ್ತಿತ್ತು, ಅದಕ್ಕೇ ಬರೆದ ಹಾಳೆಯನ್ನೇ ಮಡಚಿ ಅರಗು ಒತ್ತುತ್ತಿದ್ದರು. ಈ ತಪ್ಪಿನಿಂದ ನಿನ್ನ ಅತಿ ಒಳ್ಳೆಯ ದೃಶ್ಯ ಕೈತಪ್ಪಿದೆ ಕಣೇ! ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಅಪ್ಪ ಒಳಗೇ ಇದ್ದಾರೆ, ಮೇಲಿನ ಕೈಬರಹ ಅವಳಿಗೆ ಗೊತ್ತು. ಬೇಡ ಅಂದರೆ ಪತ್ರ ವಾಪಸ್ ಹೋಗುತ್ತದೆ. ಬೇಕು ಅಂದರೆ ತನ್ನ ಬೆಳಕು ಕಸಿದವನ ಮಾತಿಗೆ ತನ್ನ ಕೈಯಿಂದಲೇ ದುಡ್ಡು ಎಣಿಸಬೇಕು. ಅವಳು ಎಣಿಸುತ್ತಾಳೆ. ಎರಡು ಪುಟದ ಸಂಭಾಷಣೆ ಅಲ್ಲಿ ಏನೂ ಬೇಕಾಗುವುದಿಲ್ಲ.

ಕೊನೆಗೆ ಅವರನ್ನು, ಮನೆಯವರ ಒಪ್ಪಿಗೆ ಸಿಗದ ಜೋಡಿಗಳು ಓಡಿಹೋಗಿ ಮದುವೆಯಾಗುತ್ತಿದ್ದ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್‌ಗೆ ಓಡಿಸಿದ್ದೀಯ. ಯಾಕೆ? ಇಬ್ಬರಿಗೂ 21 ದಾಟಿದೆ, ಅಪ್ಪನ ಒಪ್ಪಿಗೆ ಕಾನೂನಿಗೆ ಬೇಕಿಲ್ಲ. ಓಡಿಹೋದರೆ ಬೀದಿಯನ್ನೇ ಬಿಟ್ಟುಹೋದ ಹಾಗೆ, ನಿನ್ನ ಕಥೆ ಇರುವುದೇ ಆ ಬೀದಿಯಲ್ಲಿ. ಅವರ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಇಬ್ಬರ ಹೆಸರನ್ನೂ ಎಲ್ಲರೆದುರು ಓದಿ, ಯಾರದ್ದಾದರೂ ತಕರಾರು ಇದೆಯಾ ಅಂತ ಕೇಳುತ್ತಾರೆ. ಅಕ್ಕಪಕ್ಕದ ಮನೆ, ಒಂದೇ ಚರ್ಚು. ಇಷ್ಟು ವರ್ಷ ಈ ಜಗಳಕ್ಕೆ ಕಿವಿಗೊಟ್ಟು ಕೂತಿದ್ದ ಇಡೀ ಬೀದಿ ಆ ಎರಡು ಹೆಸರನ್ನು ಮೊದಲ ಸಲ ಜೊತೆಯಲ್ಲಿ ಕೇಳುತ್ತದೆ. ಯಾರು ತಿರುಗಿ ನೋಡಿದರು, ಅಪ್ಪ ಎಲ್ಲಿ ಕೂತಿದ್ದರು, ಅವಳು ಕೈ ಎಲ್ಲಿಟ್ಟುಕೊಂಡಳು, ಇದನ್ನೆಲ್ಲ ನಿಧಾನವಾಗಿ ಬರಿ. ಅವತ್ತೂ ಆ ಹಲಗೆ ಕಿಟಕಿಗೆ ಅಡ್ಡವಾಗಿ ನಿಂತೇ ಇರಲಿ. ಎರಡನೇ ಭಾನುವಾರಕ್ಕೆ ಮುಂಚೆ ಅದನ್ನು ಯಾರು ಬಿಚ್ಚುತ್ತಾರೆ, ಅವನೋ ಅವಳೋ, ಅದನ್ನು ನೀನೇ ಕಂಡುಕೊಂಡು ನನಗೆ ಬರಿ. ಕಾಯುತ್ತಿರುತ್ತೇನೆ.