ನಿನ್ನ ಏಜೆಂಟ್‌ಗೆ ಮೂರು ಹೆಸರು ಬೇಕು

ಪ್ರೀತಿಯ ತಮ್ಮಾ,

ನೀನು ಕಳಿಸಿದ ನಿನ್ನ ಗೂಢಚಾರಿ ಕಾದಂಬರಿಯ ನಾಲ್ಕೂ ಅಧ್ಯಾಯ ಓದ್ದೆ. ಕಾರವಾರದ ಕಡಲು, ನೌಕಾನೆಲೆ, ಮೀನು ಮಾರ್ಕೆಟ್, ಬೆಳಗಿನ ಜಾವ ದೋಣಿ ಬರೋದು ಎಲ್ಲಾ ಚೆನ್ನಾಗಿ ಬಂದಿದೆ, ಅಲ್ಲಿ ಕೈ ಹಾಕ್ಬೇಡ. ನಾನು ಹೆಸರುಗಳ ಬಗ್ಗೆ ಮಾತ್ರ ಬರೀತೀನಿ. ಗಂಡಸು ಏಜೆಂಟ್‌ಗೆ ಟೈಗರ್, ಹೆಂಗಸು ಏಜೆಂಟ್‌ಗೆ ನಾಗಿಣಿ ಅಂತ ಕೋಡ್ ನೇಮ್ ಇಟ್ಟಿದೀಯ, ಎರಡನೇ ಅಧ್ಯಾಯದಲ್ಲಿ ಆಕೆ ಲಾಡ್ಜ್‌ನಲ್ಲಿ ಪರಿಚಯ ಆದವನ ಹತ್ರ ನನ್ನನ್ನ ನಾಗಿಣಿ ಅಂತಾರೆ ಅಂತ ಹೇಳ್ತಾಳೆ. ಅಲ್ಲಿಗೆ ನನಗೆ ಕಥೆ ಮೇಲಿನ ನಂಬಿಕೆ ಹೋಯ್ತು.

ಕೋಡ್ ನೇಮ್ ಇರೋದು ಫೈಲ್‌ಗೆ, ವೈರ್‌ಲೆಸ್ ಮೆಸೇಜ್‌ಗೆ, ತನ್ನವರು ತನ್ನವರ ಜೊತೆ ಮಾತಾಡೋಕೆ. ಊರವರ ಮುಂದೆ ಬದುಕೋಕೆ ಇರೋದು ಕವರ್ ನೇಮ್, ಅಂದ್ರೆ ಐಡಿ ಕಾರ್ಡ್‌ನಲ್ಲಿ ಇರೋದು, ಬಾಡಿಗೆ ಮನೆ ಓನರ್‌ಗೆ ಹೇಳೋದು, ಯಾರಾದ್ರೂ ಹಿಂದಿನಿಂದ ಕೂಗಿದ್ರೆ ತಟ್ಟಂತ ತಿರುಗಿ ನೋಡ್ಬೇಕಾದ್ದು. ಇವೆರಡರ ಕೆಳಗೆ ಅಪ್ಪ ಅಮ್ಮ ಇಟ್ಟ ಹೆಸರು. ಈ ಮೂರೂ ಒಂದೇ ಬಾಯಲ್ಲಿ ಬರ್ಬಾರ್ದು, ಯಾವ ಹೆಸರು ಯಾರಿಗೆ ಗೊತ್ತು ಅನ್ನೋದ್ರಲ್ಲೇ ಅರ್ಧ ಸಸ್ಪೆನ್ಸ್ ಇರೋದು.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಪರ ಗುಪ್ತ ಏಜೆಂಟ್ ಆಗಿದ್ದ ನೂರ್ ಇನಾಯತ್ ಖಾನ್ ಬಗ್ಗೆ ಓದಿದೀಯಾ? ಇಲ್ಲಾಂದ್ರೆ ಬೇರೆಲ್ಲಾ ಬಿಟ್ಟು ಮೊದಲು ಅದನ್ನ ಓದು. ನಮ್ಮ ಟಿಪ್ಪುವಿನ ವಂಶದವಳು, 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ್ದು, ತಂದೆ ಸೂಫಿ ಸಂಗೀತಗಾರ, ತಾಯಿ ಅಮೆರಿಕದವರು, ಯುದ್ಧಕ್ಕೆ ಮುಂಚೆ ಮಕ್ಕಳಿಗೆ ಜಾತಕ ಕಥೆ ಬರೀತಿದ್ದವಳು. ಬ್ರಿಟಿಷ್ ವಾಯುಪಡೆಯ ಮಹಿಳಾ ವಿಭಾಗಕ್ಕೆ ಸೇರಿದ್ಳು, ಆಮೇಲೆ ಗುಪ್ತ ಕೆಲಸದ ತರಬೇತೀಲಿ ನೋರಾ ಬೇಕರ್ ಅನ್ನೋ ಹೆಸರಿಟ್ಕೊಂಡ್ಳು. 1943ರ ಜೂನ್‌ನಲ್ಲಿ ಫ್ರಾನ್ಸ್‌ಗೆ ವೈರ್‌ಲೆಸ್ ಆಪರೇಟರ್ ಆಗಿ ಇಳಿದಾಗ ಕಾಗದಪತ್ರದಲ್ಲಿ ಜಾನ್ ಮರಿ ರೆನ್ಯೇ, ಮಕ್ಕಳನ್ನ ನೋಡ್ಕೊಳ್ಳೋ ಆಯಾ. ಜೊತೆ ಕೆಲಸ ಮಾಡೋರಿಗೆ ಮ್ಯಾಡಲೀನ್. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಜರ್ಮನ್ನರ ಮುಂದೆ ಆಕೆ ಹೇಳಿದ್ದು ನೋರಾ ಬೇಕರ್ ಅಂತ, ಜೈಲಲ್ಲೂ ಅದೇ ಹೆಸರು. 1944ರ ಸೆಪ್ಟೆಂಬರ್‌ನಲ್ಲಿ ನಾಜಿಗಳ ಡಾಖಾವ್ ಸೆರೆ ಕ್ಯಾಂಪ್‌ನಲ್ಲಿ ಕೊಂದ್ರು. ಯುದ್ಧ ಮುಗಿದ ಮೇಲೆ ಲಂಡನ್‌ನಿಂದ ಹುಡುಕ್ತಾ ಹೋದವರು ಆಕೆ ಸತ್ತದ್ದು ಬೇರೆ ಕ್ಯಾಂಪ್‌ನಲ್ಲಿ ಅಂತ ಮೊದಲು ತಿಳ್ಕೊಂಡಿದ್ರು, ಅಲ್ಲಿ ಸತ್ತ ಇನ್ನೊಬ್ಬ ಹೆಣ್ಣುಮಗಳನ್ನ ಆಕೆ ಅಂದ್ಕೊಂಡು. ಅವಳು ಯಾರು, ಇವಳು ಯಾರು ಅಂತ ಬಿಡಿಸೋಕೆ ಸಮಯ ಹಿಡೀತು. ಹೆಸರು ಬದಲಾಯಿಸಿದ್ರೆ ಏನೇನಾಗತ್ತೆ ಅನ್ನೋದು ಇಷ್ಟು, ಸತ್ತ ಮೇಲೂ ಮನೆಯವರಿಗೆ ಸರಿಯಾದ ಸುದ್ದಿ ತಲುಪಲ್ಲ. ನಿನ್ನ ಕಾದಂಬರೀಲಿ ಈ ಭಾರ ಎಲ್ಲೂ ಇಲ್ಲ, ಅದು ಬರ್ಬೇಕು.

ಇನ್ನು ಕವರ್ ನೇಮ್. ನಿನ್ನ ನಾಯಕಿ ಪೂಜಾ ಹಿರೇಮಠ ಅನ್ನೋ ಹೆಸರಿಟ್ಕೊಂಡು ಕಾರವಾರದ ಮೀನು ಮಾರ್ಕೆಟ್‌ನಲ್ಲಿ ಬುಟ್ಟಿ ಇಟ್ಕೊಂಡು ಕೂರ್ತಾಳೆ. ತಮ್ಮಾ, ಆ ಹೆಸರು ಕೇಳಿದ ಕೂಡ್ಲೇ ಪಕ್ಕದಲ್ಲಿ ಕೂತಿರೋ ಹೆಂಗಸರೆಲ್ಲಾ ತಿರುಗಿ ನೋಡ್ತಾರೆ. ನಮ್ಮಲ್ಲಿ ಹೆಸರು ಅಂದ್ರೆ ಊರು, ಜಾತಿ, ಊಟ, ಮನೆಮಾತು ಎಲ್ಲಾ ಹೊರಗೆ ಬಂತು ಅಂತ ಲೆಕ್ಕ, ನಮಗದು ಇಷ್ಟ ಇದ್ರೂ ಇಲ್ದಿದ್ರೂ. ಹರಿಕಂತ್ರ ಅಥವಾ ತಾಂಡೇಲ ಅಂತ ಇಟ್ರೆ ಹೆಸರು ಒಪ್ಪತ್ತೆ, ಆದ್ರೆ ಆಗ ಅವಳು ಕೊಂಕಣಿ ಮಾತಾಡ್ಬೇಕು, ಅದೂ ಧಾರವಾಡದ ಹುಡುಗಿ ಕಲಿತ ಕೊಂಕಣಿ ಥರ ಇರ್ಬಾರ್ದು. ಹಿರೇಮಠನೇ ಬೇಕು ಅಂದ್ರೆ ಅವಳನ್ನ ಬ್ಯಾಂಕ್‌ಗೆ ಟ್ರಾನ್ಸ್‌ಫರ್ ಆಗಿ ಬಂದ ಕ್ಲರ್ಕ್ ಮಾಡು, ಯಾರೂ ಏನೂ ಕೇಳಲ್ಲ. ಇಯಾನ್ ಫ್ಲೆಮಿಂಗ್ ತನ್ನ ನಾಯಕನಿಗೆ ಜೇಮ್ಸ್ ಬಾಂಡ್ ಅಂತ ಹೆಸರಿಟ್ಟದ್ದು ವೆಸ್ಟ್ ಇಂಡೀಸ್ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ಒಬ್ಬ ಅಮೆರಿಕನ್ ಪಕ್ಷಿತಜ್ಞನ ಹೆಸರು ತಗೊಂಡು, ಅದು ತೀರಾ ಸಾದಾ ಹೆಸರು ಅನ್ನೋ ಕಾರಣಕ್ಕೇ. ನಮ್ಮ ರಾಜ್‌ಕುಮಾರ್ ಮಾಡಿದ ಸಿಐಡಿ 999 ಕೂಡ ಬರೀ ಪ್ರಕಾಶ್.

ಕೋಡ್ ನೇಮ್ ವಿಷಯಕ್ಕೆ ಬಂದ್ರೆ, ಅದು ಆಳಿನ ಗುಣ ಹೇಳ್ಬಾರ್ದು. 1940ರಲ್ಲಿ ಜರ್ಮನ್ನರು ಬಾಂಬರ್ ವಿಮಾನಗಳಿಗೆ ದಾರಿ ತೋರಿಸೋ ಹೊಸ ರೇಡಿಯೋ ವ್ಯವಸ್ಥೆಗೆ ವೋಟಾನ್ ಅಂತ ಹೆಸರಿಟ್ರು. ವೋಟಾನ್ ಅವರ ಪುರಾಣದ ಒಕ್ಕಣ್ಣಿನ ದೇವರು, ಬ್ರಿಟನ್‌ನ ವಿಜ್ಞಾನಿ ಆರ್. ವಿ. ಜೋನ್ಸ್ ಆ ಒಂದು ಹೆಸರಿಂದಲೇ ಇದ್ರಲ್ಲಿ ಒಂದೇ ಕಿರಣ ಇರ್ಬೇಕು ಅಂತ ಊಹೆ ಮಾಡಿದ್ರು, ಊಹೆ ಸರಿಯಾಯ್ತು. ನಿನ್ನ ನಾಗಿಣಿನೂ ಹಾಗೇ, ಮೆಸೇಜ್ ಕದ್ದು ಕೇಳೋನಿಗೆ ಇದು ಹೆಂಗಸು, ಬಹುಶಃ ಚೆಂದದ ಹೆಂಗಸು, ಮೋಸ ಮಾಡೋಕೆ ಬಂದಿದಾಳೆ ಅನ್ನೋದು ಪೂರ್ತಿ ಗೊತ್ತಾಗೋಯ್ತು. ನಾರ್ಮಂಡಿ ದಾಳಿ ಎಲ್ಲಿ ಆಗತ್ತೆ ಅನ್ನೋದ್ರಲ್ಲಿ ಹಿಟ್ಲರ್ ಸೇನೆಯ ದಾರಿ ತಪ್ಪಿಸಿದ ಹುವಾನ್ ಪುಜೋಲ್ ಗಾರ್ಸಿಯಾ ಅನ್ನೋ ಸ್ಪೇನ್ ಗಂಡಸಿಗೆ ಬ್ರಿಟಿಷರು ಇಟ್ಟಿದ್ದು ಗಾರ್ಬೋ ಅಂತ, ಸಿನಿಮಾ ನಟಿಯ ಹೆಸರು. ಆತ ಇಪ್ಪತ್ತೇಳು ಜನ ಇಲ್ಲದೇ ಇರೋ ಏಜೆಂಟ್‌ಗಳನ್ನ ಹುಟ್ಟುಹಾಕಿ ಅವರ ಹೆಸರಲ್ಲಿ ಜರ್ಮನಿಗೆ ರಿಪೋರ್ಟ್ ಕಳಿಸ್ತಿದ್ದ, ಕೊನೆಗೆ ಎರಡೂ ಕಡೆಯಿಂದ ಪದಕ ಪಡೆದ. ಗಂಡಿಗೆ ಹೆಣ್ಣಿನ ಹೆಸರು, ಹೆಣ್ಣಿಗೆ ಯಾವ್ದೋ ರಸ್ತೆಯ ಹೆಸರು, ಹೀಗೆ ಯೋಚನೆ ಮಾಡು.

ಆದ್ರೆ ಕನ್ನಡದಲ್ಲಿ ಬರೆಯೋರಿಗೆ ನಿಜವಾದ ಕಷ್ಟ ಹೆಸರಲ್ಲಿಲ್ಲ, ಕ್ರಿಯಾಪದದಲ್ಲಿದೆ. ಏಜೆಂಟ್‌ಗೆ ಮಂಜು ಅಂತ ಹೆಸರಿಡು, ಮಂಜುನಾಥನೂ ಮಂಜು, ಮಂಜುಳಾನೂ ಮಂಜು, ಶಶಿನೂ ಹಾಗೇ, ಬಹಳ ಒಳ್ಳೆ ಹೆಸರುಗಳು. ಆದ್ರೆ ಮುಂದಿನ ಪದಕ್ಕೇ ನೀನು ಮಂಜು ಬಂದ ಅಥವಾ ಬಂದಳು ಅಂತ ಬರೀಲೇಬೇಕಲ್ಲ, ಗುಟ್ಟು ಅಲ್ಲೇ ರಟ್ಟು. ಮಾತುಕತೆ ಇನ್ನೂ ಮೋಸ, ಕಣೋ ಅಂದ್ರೆ ಒಂದು, ಕಣೇ ಅಂದ್ರೆ ಇನ್ನೊಂದು. ನನಗೆ ಗೊತ್ತಿರೋ ದಾರಿಗಳು ಹೇಳ್ತೀನಿ. ಏಜೆಂಟೇ ಕಥೆ ಹೇಳಲಿ, ಬಂದೆ ಹೋದೆ ನೋಡಿದೆ ಅನ್ನೋದ್ರಲ್ಲಿ ಗಂಡು ಹೆಣ್ಣು ಗೊತ್ತಾಗಲ್ಲ, ಹಿಂದಿಯವರಿಗೆ ಈ ಅನುಕೂಲ ಇಲ್ಲ. ವೈರ್‌ಲೆಸ್ ಮೆಸೇಜ್‌ನಲ್ಲಿ ಸರಕು ತಲುಪಿದೆ, ಮಳೆ ಶುರುವಾಗಿದೆ ಅಂತ ವಸ್ತುಗಳೇ ಕೆಲಸ ಮಾಡಲಿ. ಮೂರನೇದು ನನಗೆ ಬಹಳ ಇಷ್ಟ, ಗೌರವದ ಬಹುವಚನ. ದೊಡ್ಡೋರು ಬಂದ್ರು, ದೊಡ್ಡೋರು ಫೈಲ್ ಕೇಳಿದ್ರು ಅಂತ ಹತ್ತು ಅಧ್ಯಾಯ ಬರೀಬಹುದು, ಓದೋರು ಮನಸ್ಸಲ್ಲೇ ಮೀಸೆ ಇರೋ ಸಾಹೇಬ್ರನ್ನ ಕೂರಿಸ್ಕೊಂಡಿರ್ತಾರೆ, ನೀನು ಒಂದು ಸುಳ್ಳೂ ಹೇಳಿರಲ್ಲ. ಬ್ರಿಟನ್‌ನ ಗುಪ್ತಚರ ಸಂಸ್ಥೆ ಎಂಐ6ರ ಮುಖ್ಯಸ್ಥರಿಗೆ 1909ರಿಂದ ಸಿ ಅನ್ನೋ ಒಂದೇ ಅಕ್ಷರ ಹೆಸರು, ಹಸಿರು ಇಂಕಲ್ಲಿ ಸಹಿ, 2025ರಲ್ಲಿ ಬ್ಲೇಸ್ ಮೆಟ್ರೆವೆಲಿ ಬರೋ ತನಕ ಆ ಅಕ್ಷರದ ಹಿಂದೆ ಹೆಂಗಸು ಇರ್ಲೇ ಇಲ್ಲ.

ಇದ್ರಲ್ಲಿ ಇನ್ನೊಂದು ವಿಷಯ ಗಮನಿಸು. ನಮ್ಮ ಭಾಷೇಲಿ ಅಧಿಕಾರ ಇದ್ದವರ ಲಿಂಗ ಅಡಗಿಸೋದು ಸುಲಭ, ಇಲ್ಲದವರದ್ದು ಕಷ್ಟ. ಕಸ ಗುಡಿಸೋಳು ಬಂದಳು ಅಂತ ನೀನು ಯೋಚನೆ ಮಾಡ್ದೇನೇ ಬರೀತೀಯ, ಕಮಾಂಡರ್ ಬಂದ್ರು ಅಂತೀಯ. ಗುಡಿಸೋಳು ಎಂದು ಬರೆದ ಆ ಗಳಿಗೆಯಿಂದ ಓದುಗ ಅವಳನ್ನ ನೋಡೋದೇ ನಿಲ್ಲಿಸ್ತಾನೆ. ಯುದ್ಧಕಾಲದ ಫ್ರಾನ್ಸ್‌ನಲ್ಲಿ ಹೆಂಗಸರನ್ನ ಗುಪ್ತ ಕೆಲಸಕ್ಕೆ ಇಳಿಸಿದ್ದಕ್ಕೆ ದೊಡ್ಡ ಕಾರಣ ಇದೇ, ಸೈಕಲ್ ಮೇಲೆ ಬುಟ್ಟಿ ಇಟ್ಕೊಂಡು ಹೋಗೋ ಹೆಣ್ಣನ್ನ ಚೆಕ್‌ಪೋಸ್ಟ್‌ನಲ್ಲಿ ಅಷ್ಟಾಗಿ ಅನುಮಾನಿಸ್ತಿರ್ಲಿಲ್ಲ. ಮೊದಲ ಮಹಾಯುದ್ಧದಲ್ಲಿ ಗೂಢಚಾರಿಣಿ ಅಂತ ಗುಂಡಿಟ್ಟು ಕೊಂದ ನರ್ತಕಿ ಮಾತಾ ಹರಿ ಕಥೆ ಹಿಡ್ಕೊಂಡು ಹೆಂಗಸು ಸ್ಪೈ ಅಂದ್ರೆ ಮೋಹಿನಿ ಅನ್ನೋದನ್ನ ದಯವಿಟ್ಟು ಬಿಡು. ಪ್ರೀತಿಯ ನಾಟಕ ಆಡಿ ಗುಟ್ಟು ಕದಿಯೋ ಕೆಲಸಾನ ಒಂದು ಪದ್ಧತಿಯಾಗೇ ಬೆಳೆಸಿದ್ದು ಪೂರ್ವ ಜರ್ಮನಿಯ ಗುಪ್ತಚರ ಮುಖ್ಯಸ್ಥ ಮಾರ್ಕುಸ್ ವೋಲ್ಫ್, ಅದಕ್ಕೆ ಆತ ಕಳಿಸಿದ್ದು ಗಂಡಸರನ್ನ, ಪಶ್ಚಿಮ ಜರ್ಮನಿಯ ಸರ್ಕಾರಿ ಆಫೀಸುಗಳ ಸೆಕ್ರೆಟರಿಗಳ ಹಿಂದೆ. ಅವರಿಗೆ ರೋಮಿಯೋಗಳು ಅಂತಾನೇ ಹೆಸರು. ನಿನ್ನ ಟೈಗರ್‌ಗೆ ಯಾಕೆ ಆ ಕೆಲಸ ಕೊಡ್ಬಾರ್ದು? ಅವನಿಗೂ ಅದ್ರಿಂದ ನೋವಾಗಲಿ.

ಹೊಸದಾಗಿ ಬರೆಯೋಕೆ ಕೂತಾಗ ಮೊದಲು ನಾಯಕಿಯ ಹುಟ್ಟು ಹೆಸರು ನಿರ್ಧಾರ ಮಾಡು, ಆದ್ರೆ ಅದನ್ನ ಮೊದಲ ಅಧ್ಯಾಯದಲ್ಲಿ ಬರೀಬೇಡ. ಕಾದಂಬರೀಲಿ ಒಬ್ಬರೇ ಒಬ್ಬರು ಅವಳನ್ನ ಆ ಹೆಸರಿಂದ ಕರೀಲಿ, ಅದು ಯಾರು, ಎಲ್ಲಿ, ಆ ಹೊತ್ತಲ್ಲಿ ಅಕ್ಕಪಕ್ಕ ಕಿವಿಗೊಟ್ಟು ನಿಂತಿರೋರು ಯಾರು ಅಂತ ನನಗೆ ಬರೆದು ತಿಳಿಸು. ಲಾಡ್ಜ್ ಸೀನ್ ತೆಗೆದ್ಹಾಕು. ಮಿಕ್ಕಿದ್ದು ಐದನೇ ಅಧ್ಯಾಯ ಬಂದ ಮೇಲೆ ಮಾತಾಡೋಣ.

ಇಂತಿ ನಿನ್ನ ಅಕ್ಕ