ಡೂಮ್‌ನಿಂದ ನಿನ್ನ ಮಗನ ಪಬ್‌ಜಿವರೆಗೆ: ಮಸ್ಕತ್‌ನಲ್ಲಿರುವ ಗೆಳೆಯನಿಗೊಂದು ಪತ್ರ

ಉಡುಪಿ

ಪ್ರೀತಿಯ ಮಾರಾಯ,

ನಿನ್ನ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಮಗ ಮೂರು ಹೊತ್ತೂ ಪಬ್‌ಜಿ ಆಡುತ್ತಾನೆ ಅಂತ ನಿನಗೆ ಮಂಡೆ ಬಿಸಿ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಆದರೆ ಕೊನೆಗೆ ಒಂದು ಮಾತು ಸೇರಿಸಿದೆಯಲ್ಲ, "ನಮ್ಮ ಕಾಲದ ಗೇಮ್‌ಗಳಿಗೂ ಇದಕ್ಕೂ ಎಂತ ಸಂಬಂಧ ಮಾರಾಯ" ಅಂತ, ಅದನ್ನು ಕೇಳಿ ಸುಮ್ಮನಿರಲು ಆಗಲಿಲ್ಲ. ಸಂಬಂಧ ಉಂಟು. ವಂಶಾವಳಿ ಬರೆದು ತೋರಿಸುವಷ್ಟು ಉಂಟು. ವಾಟ್ಸಾಪ್‌ನಲ್ಲಿ ಕಳಿಸಿದರೆ ನೀನು ಅರ್ಧ ಓದಿ ಹೆಬ್ಬೆಟ್ಟು ಒತ್ತಿ ಬಿಡುತ್ತೀಯ. ಹಾಗಾಗಿ ಪತ್ರ. ನಮ್ಮ ಹಳೇ ಗ್ಯಾಂಗಿನವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಬೈಯುವುದಾದರೆ ಅವರೂ ಬೈಯಲಿ.

ನನ್ನ ವಾದ ಇಷ್ಟು. ಆಟದ ಬಗೆಯನ್ನೇ ಬದಲಾಯಿಸಿದ ಗೇಮ್‌ಗಳು ಅಂತ ನಾವು ಹೆಸರು ಹೇಳುತ್ತೇವಲ್ಲ, ಅವುಗಳಲ್ಲಿ ಎಷ್ಟೋ ಗೇಮ್‌ಗಳು ದೊಡ್ಡ ಕಂಪನಿಯ ಮೀಟಿಂಗ್‌ನಲ್ಲಿ ಹುಟ್ಟಿದ್ದಲ್ಲ. ಆಡಲು ಬಂದವರೇ ಬೇರೆಯವರ ಗೇಮನ್ನು ಬಿಚ್ಚಿ, ಒಳಗೆ ಕೈ ಹಾಕಿ, ತಮಗೆ ಬೇಕಾದ ಹಾಗೆ ಕಟ್ಟಿಕೊಂಡದ್ದು. ಕೈ ಹಾಕಲು ಬಿಟ್ಟ ಕಂಪನಿಗಳಿಂದಲೇ ಮುಂದಿನ ದಾರಿ ತೆರೆಯಿತು.

ರಾಕ್ಷಸರಿಗೆ ಗುಂಡು ಹಾರಿಸುವ ಡೂಮ್ ಗೇಮ್‌ನಿಂದಲೇ ಶುರು ಮಾಡುತ್ತೇನೆ. ಕಂಪ್ಯೂಟರ್ ಕ್ಲಾಸಿನಲ್ಲಿ ಸರ್ ಚಾ ಕುಡಿಯಲು ಕೆಳಗೆ ಇಳಿದ ಕೂಡಲೇ ನೀನು ಡಾಸ್ ಕಮಾಂಡ್ ಹೊಡೆದು ತೆರೆಯುತ್ತಿದ್ದೆಯಲ್ಲ, ಅದೇ. ಪರದೆಯ ಕೆಳಗೆ ನಡುವಿನಲ್ಲಿ ಒಂದು ಮುಖ ಇರುತ್ತಿತ್ತು. ಏಟು ಬಿದ್ದ ಹಾಗೆ ಅದರ ಮೂಗು, ಬಾಯಿಯಿಂದ ರಕ್ತ ಇಳಿಯುತ್ತಿತ್ತು. ಆ ಮುಖ ನೋಡಿಯೇ ನಾವು ಜೀವ ಎಷ್ಟು ಉಳಿದಿದೆ ಅಂತ ಅಂದಾಜು ಮಾಡುತ್ತಿದ್ದದ್ದು, ಪಕ್ಕದ ಅಂಕಿ ಯಾರೂ ನೋಡುತ್ತಿರಲಿಲ್ಲ.

1993ರ ಡಿಸೆಂಬರ್ 10ರಂದು ಇಡ್ ಸಾಫ್ಟ್‌ವೇರ್ ಅದನ್ನು ಹೊರಗೆ ಬಿಟ್ಟಿತು. ಮೊದಲ ಭಾಗ ಪುಕ್ಕಟೆ, ಯಾರು ಬೇಕಾದರೂ ಕಾಪಿ ಮಾಡಿ ಹಂಚಬಹುದು. ಮುಂದಿನದ್ದು ಬೇಕಾದರೆ ದುಡ್ಡು ಕಳಿಸಬೇಕು. ನಮ್ಮ ಕೈಗೆ ಫ್ಲಾಪಿಯಲ್ಲಿ ಬಂದದ್ದು ಆ ಪುಕ್ಕಟೆ ಭಾಗ. ನಾವು ಅದೇ ಇಡೀ ಗೇಮ್ ಅಂದುಕೊಂಡು ಗಮ್ಮತ್ತು ಮಾಡಿದೆವು.

ನಿಜ ಹೇಳಬೇಕೆಂದರೆ ಡೂಮ್ ಪೂರ್ತಿ ತ್ರೀಡಿಯೇ ಅಲ್ಲ. ತಲೆ ಎತ್ತಿ ಮೇಲೆ ನೋಡಲು ಬರುವುದಿಲ್ಲ. ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇರುವ ಹಾಗಿಲ್ಲ. ರಾಕ್ಷಸರೆಲ್ಲ ಚಪ್ಪಟೆ ಚಿತ್ರಗಳು. ಆದರೆ ಯಾವ ಗೋಡೆ ಮುಂದೆ, ಯಾವುದು ಹಿಂದೆ ಎಂಬ ಲೆಕ್ಕವನ್ನು ಇಡ್‌ನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಗೇಮ್ ಶುರುವಾಗುವ ಮೊದಲೇ ಮಾಡಿಸಿ ಇಟ್ಟಿದ್ದ. ಆಡುವಾಗ ಕಂಪ್ಯೂಟರಿಗೆ ಆ ಭಾರ ಇಲ್ಲ. ಅದಕ್ಕೇ ಕ್ಲಾಸಿನ ಬಡಪಾಯಿ 486 ಚಿಪ್ಪಿನ ಕಂಪ್ಯೂಟರ್ ಕೂಡ ಅದನ್ನು ಓಡಿಸಿತು.

ಆದರೆ ನನಗೆ ಅದಕ್ಕಿಂತ ದೊಡ್ಡದು ಅನಿಸುವುದು ಇನ್ನೊಂದು. ಅದಕ್ಕೂ ಮೊದಲು ಬಂದ ವುಲ್ಫೆನ್‌ಸ್ಟೈನ್ ತ್ರೀಡಿಯನ್ನು ಜನ ಹೇಗೋ ಕೆದಕಿ, ತಮ್ಮದೇ ಗೋಡೆ, ತಮ್ಮದೇ ಮ್ಯಾಪ್ (ಆಡುವ ಜಾಗದ ನಕ್ಷೆ) ತುರುಕಿದ್ದರು. ಬೇರೆ ಕಂಪನಿಯಾಗಿದ್ದರೆ ಬೀಗ ಹಾಕುತ್ತಿತ್ತು. ಇವರು ಉಲ್ಟಾ ಮಾಡಿದರು. ಡೂಮ್‌ನಲ್ಲಿ ಗೇಮ್ ಓಡಿಸುವ ಪ್ರೋಗ್ರಾಂ ಬೇರೆ, ಮ್ಯಾಪು, ಚಿತ್ರ, ಶಬ್ದ ತುಂಬಿದ ವ್ಯಾಡ್ ಫೈಲ್ ಬೇರೆ ಇಟ್ಟರು. ನಮ್ಮ ಮೇಳಗಳಲ್ಲಿ ಚೆಂಡೆ, ಮದ್ದಳೆ, ರಂಗಸ್ಥಳ ಅದೇ ಇರುತ್ತದೆ, ಪ್ರಸಂಗ ಮಾತ್ರ ರಾತ್ರಿಗೊಂದು ಬದಲಾಗುತ್ತದೆ ನೋಡು, ಹಾಗೆ. ವ್ಯಾಡ್ ಬದಲಾಯಿಸಿದರೆ ಹೊಸ ಡೂಮ್. 1997ರಲ್ಲಿ ಸೋರ್ಸ್ ಕೋಡನ್ನೂ ಬಿಟ್ಟುಕೊಟ್ಟರು. ಇವತ್ತಿಗೂ ಜನ ಡೂಮ್ ಮ್ಯಾಪ್ ಕಟ್ಟುತ್ತಿದ್ದಾರೆ. ಡೂಮ್ ಮಾಡಿದವರಲ್ಲಿ ಒಬ್ಬನಾದ ಜಾನ್ ರೊಮೆರೊ 2019ರಲ್ಲಿ ಸಿಜಿಲ್ ಅಂತ ಹೊಸ ಮ್ಯಾಪ್‌ಗಳ ಕಟ್ಟನ್ನು ತಾನೇ ಮಾಡಿ ಪುಕ್ಕಟೆ ಹಾಕಿದ.

ಮುಂದೆ ಅದೇ ಇಡ್‌ನವರು 1996ರಲ್ಲಿ ಕ್ವೇಕ್ ತಂದರು. ಇದು ಪೂರ್ತಿ ತ್ರೀಡಿ. ಮೈಕ್ರೋಸಾಫ್ಟ್ ಬಿಟ್ಟು ಬಂದ ಗೇಬ್ ನ್ಯೂವೆಲ್, ಮೈಕ್ ಹ್ಯಾರಿಂಗ್ಟನ್ ಇಬ್ಬರೂ ಸೇರಿ ವಾಲ್ವ್ ಶುರು ಮಾಡಿ, ಕ್ವೇಕ್‌ನ ಎಂಜಿನ್ನಿಗೆ (ಗೇಮ್ ಓಡಿಸುವ ಪ್ರೋಗ್ರಾಂಗೆ) ಲೈಸೆನ್ಸ್ ತೆಗೆದುಕೊಂಡು, ಅದನ್ನು ತಿದ್ದಿ 1998ರಲ್ಲಿ ಹಾಫ್-ಲೈಫ್ ಮಾಡಿದರು. ಒಮ್ಮೆ ಮಾಡಿದ್ದು ಮನಸ್ಸಿಗೆ ಬಾರದೆ ಹೆಚ್ಚುಕಡಿಮೆ ಎಲ್ಲ ಬದಿಗಿಟ್ಟು ಮತ್ತೆ ಮಾಡಿದರು. ನಿನಗೆ ಆ ಟ್ರಾಮ್ ನೆನಪಿರಬೇಕು. ಬಂದೂಕಿಲ್ಲ, ಶತ್ರು ಇಲ್ಲ, ಸುಮ್ನೆ ಕೂತು ಕಿಟಕಿಯಿಂದ ನೋಡುತ್ತಾ ಹೋಗುವುದು. "ಇದು ಯಾವಾಗ ಶುರುವಾಗುವುದು ಮಾರಾಯ" ಅಂತ ನೀನು ಕೀಬೋರ್ಡ್ ಕುಟ್ಟಿದ್ದೆ. ಕಥೆ ಹೇಳಲು ಆಟ ನಿಲ್ಲಿಸಿ ಸಿನಿಮಾ ತುಣುಕು ತೋರಿಸುವ ಚಾಳಿ ಅದರಲ್ಲಿ ಇಲ್ಲ. ಎಲ್ಲವೂ ನಿನ್ನ ಕಣ್ಣೆದುರೇ, ನೀನು ಓಡಾಡುತ್ತಿರುವಾಗಲೇ. ಗುಂಡು ಹಾರಿಸುವ ಆಟದಲ್ಲಿ ಕಥೆಗೂ ಜಾಗ ಉಂಟು ಅಂತ ಆಮೇಲಿನವರು ಕಲಿತದ್ದು ಇದರಿಂದ.

ಆದರೂ ನಮ್ಮ ಜೀವನ ಲಗಾಡಿ ತೆಗೆದದ್ದು ಹಾಫ್-ಲೈಫ್ ಅಲ್ಲ, ಅದರ ಮೇಲೆ ಹೊರಗಿನ ಹುಡುಗರು ಕಟ್ಟಿದ್ದು. ಮಿನ್ ಲೀ ಅಂತ ಕೆನಡಾದ ಒಬ್ಬ ವಿದ್ಯಾರ್ಥಿ, ಜೆಸ್ ಕ್ಲಿಫ್ ಅಂತ ಇನ್ನೊಬ್ಬ. 1999ರಲ್ಲಿ ಇಬ್ಬರೂ ಎರಡು ಟೀಮ್ ಎದುರುಬದುರು ಗುಂಡು ಹಾರಿಸುವ ಕೌಂಟರ್-ಸ್ಟ್ರೈಕ್‌ನ ಮೊದಲ ಬೀಟಾ (ಪ್ರಯೋಗದ ಆವೃತ್ತಿ) ಬಿಟ್ಟರು. ಮರುವರ್ಷ ವಾಲ್ವ್ ಅದನ್ನು ಕೊಂಡುಕೊಂಡು, ಅವರಿಗೆ ಕೆಲಸವನ್ನೂ ಕೊಟ್ಟಿತು.

ಅದರಲ್ಲಿ ಎರಡು ನಿಯಮ ನೋಡು. ಒಂದು, ಸತ್ತರೆ ಸತ್ತ ಹಾಗೆ, ರೌಂಡ್ ಮುಗಿಯುವವರೆಗೆ ಎದ್ದು ಬರುವ ಹಾಗಿಲ್ಲ. ಕ್ವೇಕ್‌ನಲ್ಲಿ ಸತ್ತ ಮರುಕ್ಷಣ ಮತ್ತೆ ಓಡುತ್ತಿದ್ದೆವು, ಹಾಗಾಗಿ ಸಾವಿಗೆ ಬೆಲೆಯೇ ಇರಲಿಲ್ಲ. ಇಲ್ಲಿ ಒಂದು ಹೆಜ್ಜೆ ಸದ್ದಿಗೂ ಎದೆ ಡವಡವ. ಇನ್ನೊಂದು, ಹಣ. ಮೊದಲ ರೌಂಡಿಗೆ 800 ಡಾಲರ್. ಆಗ ಎಕೆ-47ಕ್ಕೆ 2500, ನಿನ್ನ ಪ್ರೀತಿಯ ಎಡಬ್ಲ್ಯುಪಿ ಸ್ನೈಪರ್ ಬಂದೂಕಿಗೆ 4750. ಗೆದ್ದವರಿಗೆ ಜಾಸ್ತಿ ಸಿಗುತ್ತದೆ, ಆದರೆ ಸೋತವರೂ ಪೂರ್ತಿ ಪಾಪರ್ ಆಗುವುದಿಲ್ಲ. ಈ ರೌಂಡ್ ಬಿಟ್ಟುಕೊಟ್ಟು ಪಿಸ್ತೂಲಿನಲ್ಲೇ ಆಡಿ ಮುಂದಿನದ್ದಕ್ಕೆ ಕೂಡಿಡುವುದಾ, ಇರುವುದೆಲ್ಲ ಸುರಿಯುವುದಾ ಅಂತ ಐದು ಜನ ಬೊಬ್ಬೆ ಹೊಡೆಯುತ್ತಿದ್ದೆವು. ಗುರಿ ಎಷ್ಟು ಮುಖ್ಯವೋ ಲೆಕ್ಕವೂ ಅಷ್ಟೇ ಮುಖ್ಯ ಆಯಿತು. 2020ರಲ್ಲಿ ಬಂದ ವ್ಯಾಲೊರಂಟ್ ಕೂಡ ಇದೇ ಎಲುಬಿನ ಮೇಲೆ ನಿಂತಿದೆ.

ಮಂಗಳೂರು ಹಂಪನಕಟ್ಟೆಯ ಆ ಮಹಡಿ ಮೇಲಿನ ಸೈಬರ್‌ನಲ್ಲಿ ಈ ಮೊದಲ ನಿಯಮ ನಮಗೆ ನೇರ ಜೇಬಿಗೇ ಬಡಿಯುತ್ತಿತ್ತು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟವನು ರೌಂಡ್ ಶುರುವಿನಲ್ಲೇ ಸತ್ತರೆ ಕಾಸು ಕೊಟ್ಟು ಬೇರೆಯವರ ಆಟ ನೋಡಬೇಕು. ನೀನಂತೂ ಸತ್ತವನು ಸುಮ್ಮನೆ ಕೂರುವವನಲ್ಲ. ಎದುರು ಟೀಮಿನವನ ಮಾನಿಟರ್ ಇಣುಕಿ ನೋಡಿ "ಟನಲ್, ಟನಲ್" ಅಂತ ಕೆಮ್ಮುವ ಹಾಗೆ ಹೇಳುತ್ತಿದ್ದೆ. ಎಷ್ಟು ಜಗಳ ಅದಕ್ಕೆ! ಡಸ್ಟ್-2 ಮ್ಯಾಪಿನಲ್ಲಿ ರೌಂಡ್ ಶುರುವಾದ ಕೂಡಲೇ ಮಿಡ್‌ನ (ಮ್ಯಾಪಿನ ನಡುಭಾಗದ) ಡಬಲ್ ಡೋರ್ ಸಂದಿಗೆ ಎಡಬ್ಲ್ಯುಪಿ ಹಿಡಿದು ನಿಲ್ಲುವುದು ನಿನ್ನ ಅಭ್ಯಾಸ. ಸಂದಿಯಲ್ಲಿ ಯಾರೋ ದಾಟುವ ಆ ಅರೆಕ್ಷಣಕ್ಕೆ ಕ್ಲಿಕ್. ಹತ್ತರಲ್ಲಿ ಒಂದು ತಾಗಿದರೂ ದಿನವಿಡೀ ಅದೇ ಮಾತು. ಆ ಬಂದೂಕಿಗೆ ಹಣ ಸಾಲದಿದ್ದರೆ ನಮ್ಮ ಹಣದಲ್ಲಿ ತೆಗೆಸಿ, "ಜಿ ಒತ್ತಿ ಕೆಳಗೆ ಹಾಕು" ಅಂತ ಪೀಡಿಸುತ್ತಿದ್ದೆ.

ಆ ಡಸ್ಟ್ ಮ್ಯಾಪ್ ಮಾಡಿದವನು ಯಾರು ಗೊತ್ತುಂಟಾ? ಡೇವ್ ಜಾನ್‌ಸ್ಟನ್ ಅಂತ ಇಂಗ್ಲೆಂಡಿನ ಒಬ್ಬ ಹದಿಹರೆಯದ ಹುಡುಗ. ಇನ್ನೂ ಬಿಡುಗಡೆಯಾಗದ ಬೇರೊಂದು ಗೇಮ್‌ನ ಚಿತ್ರ ನೋಡಿ, ಆ ಮರಳು ಬಣ್ಣ, ಆ ಕಮಾನುಗಳು ಇಷ್ಟವಾಗಿ ಮನೆಯಲ್ಲಿ ಕೂತು ಕಟ್ಟಿದ. 2001ರಲ್ಲಿ ಡಸ್ಟ್-2 ಕೂಡ ಅವನೇ ಮಾಡಿದ್ದು. ನಮ್ಮ ಊರಿನ ಗಲ್ಲಿಗಳಿಗಿಂತ ನನಗೆ ಆ ಮ್ಯಾಪಿನ ಮೂಲೆಗಳೇ ಜಾಸ್ತಿ ಗೊತ್ತು.

ನೀನು ಈಗ ಜಿಟಿಎ ವೈಸ್ ಸಿಟಿ ಗೇಮ್‌ನ ಮಾತು ತೆಗೆಯುತ್ತೀಯ, ಗೊತ್ತು. ಬೈಕಲ್ಲಿ ಸುತ್ತಿ ರೇಡಿಯೋ ಕೇಳಿದ್ದೇ ಸುಖ, ಒಪ್ಪಿದೆ. ಆದರೆ ಊರೊಂದನ್ನು ತ್ರೀಡಿಯಲ್ಲಿ ಕೈಗೆ ಕೊಟ್ಟು "ಏನು ಬೇಕಾದರೂ ಮಾಡು" ಅಂದದ್ದು ಅದಕ್ಕೂ ಮೊದಲು, 2001ರಲ್ಲಿ ಬಂದ ಜಿಟಿಎ 3. ವೈಸ್ ಸಿಟಿ ಅದಕ್ಕೆ ಒಳ್ಳೇ ಬಣ್ಣ ಬಳಿಯಿತು, ಅಷ್ಟೆ. ಬೇಜಾರು ಮಾಡಬೇಡ.

ಇನ್ನು ಡೋಟಾ. 2002ರಲ್ಲಿ ಬ್ಲಿಝಾರ್ಡ್‌ನವರ ವಾರ್‌ಕ್ರಾಫ್ಟ್ 3 ಬಂತು. ಕೋಟೆ ಕಟ್ಟು, ಚಿನ್ನ ತೆಗೆ, ಸೈನ್ಯ ನಡೆಸು. ಜೊತೆಗೆ ಮ್ಯಾಪ್ ಕಟ್ಟುವ ಸಾಧನವನ್ನೂ ಡಬ್ಬಿಯೊಳಗೇ ಕೊಟ್ಟರು. ಯೂಲ್ ಎಂಬ ಹೆಸರಿನವನೊಬ್ಬ ಅದರಲ್ಲಿ ಸೈನ್ಯವನ್ನೆಲ್ಲ ಕಂಪ್ಯೂಟರಿಗೆ ಬಿಟ್ಟು, ಆಡುವವನ ಕೈಗೆ ಒಬ್ಬನೇ ಒಬ್ಬ ಹೀರೋ ಕೊಟ್ಟ. ಮೂರು ದಾರಿ, ಆ ಕಡೆ ಐದು ಜನ, ಈ ಕಡೆ ಐದು ಜನ, ಅದೇ ಡೋಟಾ. ಅದು ಕೈಯಿಂದ ಕೈಗೆ ದಾಟಿ, ಗ್ವಿನ್ಸೂ, ಐಸ್‌ಫ್ರಾಗ್ ಇವರೆಲ್ಲ ತಿದ್ದಿ ಬೆಳೆಸಿದರು. 2009ರಲ್ಲಿ ಲೀಗ್ ಆಫ್ ಲೆಜೆಂಡ್ಸ್, 2013ರಲ್ಲಿ ವಾಲ್ವ್‌ನ ಡೋಟಾ 2, ಎರಡೂ ಆ ಒಂದು ಮ್ಯಾಪಿನ ಮಕ್ಕಳು. 2021ರಲ್ಲಿ ಡೋಟಾ 2ರ ಒಂದೇ ಟೂರ್ನಿಯ ಬಹುಮಾನ 4 ಕೋಟಿ ಡಾಲರ್ ದಾಟಿತ್ತು. ಮೂಲ ಗೇಮ್ ಮಾಡಿದ ಬ್ಲಿಝಾರ್ಡ್ ಪಕ್ಕದಲ್ಲಿ ನಿಂತು ನೋಡಬೇಕಾಯಿತು. ಅದೇ ಹೊಟ್ಟೆಯುರಿಯೋ ಏನೋ, 2020ರಲ್ಲಿ ವಾರ್‌ಕ್ರಾಫ್ಟ್ 3ನ್ನು ಹೊಸದಾಗಿ ತಂದಾಗ, ಇದರಲ್ಲಿ ನೀವು ಕಟ್ಟುವ ಗೇಮ್‌ಗಳೆಲ್ಲ ನಮ್ಮ ಆಸ್ತಿ ಎಂಬ ಷರತ್ತು ಹಾಕಿದರು. ಅಂಥಾ ಕಡೆ ಕೂತು ಯಾರು ಇನ್ನೊಂದು ಡೋಟಾ ಕಟ್ಟುತ್ತಾರೆ, ಹೇಳು.

ಎಲ್ಲವೂ ಹೊರಗಿನವರದ್ದೇ ಅಂತ ನಾನು ಹಟ ಹಿಡಿಯುವುದಿಲ್ಲ. 2005ರ ರೆಸಿಡೆಂಟ್ ಈವಿಲ್ 4ನಲ್ಲಿ ಶಿಂಜಿ ಮಿಕಾಮಿ ಕ್ಯಾಮೆರಾವನ್ನು ಹೀರೋನ ಭುಜದ ಹಿಂದೆ ತಂದಿಟ್ಟ. ಆಮೇಲೆ ಬಂದವರೆಲ್ಲ ಅದನ್ನೇ ಹಿಡಿದರು. ಅದು ಕ್ಯಾಪ್‌ಕಾಮ್ ಒಳಗಿನದ್ದೇ ಕೆಲಸ. ಆದರೆ ಅದೇ ಕ್ಯಾಪ್‌ಕಾಮ್‌ನ 1991ರ ಸ್ಟ್ರೀಟ್ ಫೈಟರ್ 2 ನೋಡು. ಒಂದು ಏಟಿಗೆ ಇನ್ನೊಂದು ಏಟು ಪೋಣಿಸುವ ಕಾಂಬೊ ಅದರಲ್ಲಿ ಬೇಕೆಂದೇ ಇಟ್ಟದ್ದಲ್ಲ. ತಪಾಸಣೆಯಲ್ಲಿ ಕಣ್ಣಿಗೆ ಬಿದ್ದ ಒಂದು ಎಡವಟ್ಟು. ಇಷ್ಟು ಕಷ್ಟದ್ದು ಯಾರಿಗೆ ಬರುತ್ತದೆ ಅಂತ ಹಾಗೇ ಬಿಟ್ಟರು. ಹುಡುಗರು ಅದನ್ನೇ ಹಿಡಿದು ಕೂತರು. ಈಗ ಕಾಂಬೊ ಇಲ್ಲದ ಫೈಟಿಂಗ್ ಗೇಮ್ ತೋರಿಸು ನೋಡುವಾ.

ಈಗ ನಿನ್ನ ಮಗನ ಪಬ್‌ಜಿ. ಇಲ್ಲಿ ಅದಕ್ಕೆ 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಷೇಧ ಹಾಕಿತು, ಮರುವರ್ಷ ಬಿಜಿಎಂಐ ಅಂತ ಹೆಸರು ಬದಲಾಯಿಸಿ ಬಂತು. ಬಸ್ಸಿನಲ್ಲಿ ಕಾಲೇಜು ಹುಡುಗರ ಕೈಯಲ್ಲೆಲ್ಲ ಅದೇ. ಅದರ ಬೇರು ಎಲ್ಲಿ ಗೊತ್ತಾ? ಆರ್ಮಾ 2 ಅಂತ ಒಂದು ಯುದ್ಧದ ಗೇಮ್, ಮಹಾ ಬೋರು, ಸೈನಿಕರಿಗೇ ಸರಿ. ನ್ಯೂಜಿಲೆಂಡ್‌ನ ಸೈನ್ಯದಲ್ಲಿದ್ದ ಡೀನ್ ಹಾಲ್ 2012ರಲ್ಲಿ ಅದರ ಮೇಲೆ ಡೇಝೀ ಕಟ್ಟಿದ. ಬರಿಗೈಯಲ್ಲಿ ಇಳಿ, ಸಿಕ್ಕಿದ್ದು ಹೆಕ್ಕು, ಬದುಕಿ ಉಳಿ. ಬ್ರೆಂಡನ್ ಗ್ರೀನ್ ಅಂತ ಐರ್ಲೆಂಡಿನವನೊಬ್ಬ ಅದನ್ನು ಹಿಡಿದು ಮತ್ತೂ ತಿದ್ದಿದ. ಕೊನೆಗೆ ಒಬ್ಬನೇ ಉಳಿಯಬೇಕು ಎಂಬ ನಿಯಮ ಹಾಕಿದ. ಅವನೇನು ದೊಡ್ಡ ಪ್ರೋಗ್ರಾಮರ್ ಅಲ್ಲ. ಆಟ ಸಾಗಿದ ಹಾಗೆ ಕುಗ್ಗುತ್ತಾ ಹೋಗುವ ಸುರಕ್ಷಿತ ಜಾಗ ಚೌಕವಾಗಿರಬೇಕು ಅಂತ ಅವನ ಯೋಚನೆ, ಆದರೆ ಚೌಕದ ಕೋಡ್ ಬರೆಯಲು ಬರಲಿಲ್ಲ. ಹಾಗಾಗಿ ವೃತ್ತ ಮಾಡಿದ. ಇವತ್ತು ನಿನ್ನ ಮಗ "ಝೋನ್ ಬಂತು, ಝೋನ್ ಬಂತು" ಅಂತ ಊಟ ಬಿಟ್ಟು ಕಿರುಚುವುದು ಆ ವೃತ್ತ ನೋಡಿಯೇ.

ಕೊನೆಗೆ ಕೊರಿಯಾದ ಬ್ಲೂಹೋಲ್‌ನವರು ಅವನನ್ನು ಕರೆಸಿ, 2017ರಲ್ಲಿ ಪಬ್‌ಜಿ ಹೊರಬಂತು. ಅದೇ ವರ್ಷ ಫೋರ್ಟ್‌ನೈಟ್ ಕೂಡ ಅದೇ ಹಾದಿಗೆ ಬಿತ್ತು. ನನಗೆ ಪಬ್‌ಜಿಯಲ್ಲಿ ಇಷ್ಟವಾದದ್ದು ಮಾತ್ರ ಗುಂಡು ತಡೆಯುವ ಬಾಣಲೆ. ಸೊಂಟದ ಹಿಂದೆ ಸಿಕ್ಕಿಸಿಕೊಂಡು ಓಡಿದರೆ ಸಾಕು, ಹಿಂದಿನಿಂದ ಬಂದು ಅದಕ್ಕೆ ತಾಗಿದ ಗುಂಡು ಠಣ್ ಅಂತ ವಾಪಸ್.

ಒಂದು ವಿಷಯ ವಿಚಾರಿಸು. ಅವನ ಫೋನಿನಲ್ಲಿ ರೋಬ್ಲಾಕ್ಸ್ ಉಂಟಾ? ಅದರಲ್ಲಿ ಆಡುವ ಗೇಮ್‌ಗಳನ್ನು ಕಟ್ಟುವುದೂ ಆಡುವವರೇ. ಅವನಿಗೆ ಅದರ ರುಚಿ ಹತ್ತಿದ್ದರೆ ಕೈಗೆ ಲ್ಯಾಪ್‌ಟಾಪ್ ಕೊಡು, ಫೋನಿನಲ್ಲಿ ಆಗುವ ಕೆಲಸ ಅಲ್ಲ ಅದು. ಜುಲೈ ರಜೆಗೆ ಬರುತ್ತೀರಲ್ಲ, ಹೊರಗೆ ಜೋರು ಮಳೆ, ಹುಡುಗನನ್ನು ಕಾಪು ಬೀಚಿಗೂ ಕರೆದುಕೊಂಡು ಹೋಗುವ ಹಾಗಿಲ್ಲ. ನಮ್ಮ ಮನೆಗೆ ಬಿಟ್ಟುಬಿಡು. ನನ್ನ ಹಳೇ ಡೆಸ್ಕ್‌ಟಾಪಿನಲ್ಲಿ ಡೂಮ್ ಮ್ಯಾಪ್ ಕಟ್ಟುವ ಡೂಮ್ ಬಿಲ್ಡರ್ ಉಂಟು, ಒಂದು ಕೋಣೆ, ಒಂದು ಬಾಗಿಲು, ಒಂದು ರಾಕ್ಷಸ ಇಡುವುದು ನಾನೇ ಕಲಿಸುತ್ತೇನೆ.

ರಾತ್ರಿ ಅವನು ಮಲಗಿದ ಮೇಲೆ ನಾವಿಬ್ಬರೂ ಡಸ್ಟ್-2. ಎಡಬ್ಲ್ಯುಪಿ ಇಲ್ಲ, ಈಗಲೇ ಹೇಳಿದ್ದೇನೆ. ಮೌಸ್ ಮಾತ್ರ ನಿನ್ನದೇ ತಾ, ನನ್ನ ಹತ್ತಿರ ಇರುವುದು ಒಂದೇ.

ಇಂತಿ,
ನಿನ್ನ ಹಳೇ ಟೀಮ್‌ಮೇಟ್